ಬದುಕಿದ್ದ ಗಂಡನಿಗೆ ಇದ್ದತ್

ಸುಳ್ಯದ ಹತ್ತಿರದ ಜಾಲ್ಸೂರಿನ ಆಸ್ಯಮ್ಮ 1968ನೆಯ ಇಸವಿಯ ಫೆಬ್ರವರಿಯಿಂದ ಮೇ ತಿಂಗಳವರೆಗೆ ಗಂಡನ ಸಾವಿನ ಇದ್ದತ್ ಕೂತರು. ಆ ದಿನಗಳಲ್ಲಿ ಗಂಡ ಉಸ್ಮಾನ್ ಬ್ಯಾರಿ ಅದೇ ಮನೆಯ ಜಗಲಿಯಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದರು.

ಗಂಡ ತೀರಿಕೊಂಡ ಮುಸ್ಲಿಂ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುತ್ತಾಳೆ. ಬಣ್ಣದ ಬಟ್ಟೆ, ಚಿನ್ನ, ಕಣ್ಣಿನ ಸುರುಮ, ಮದರಂಗಿ, ಅತ್ತರು ಯಾವುದೂ ಅವಳಿಗಿಲ್ಲ. ಪರಗಂಡಸರ ಎದುರಿಗೆ ಬರುವಂತಿಲ್ಲ. ಇದ್ದತ್ ಎಂದರೆ ಇದು. ಆಸ್ಯಮ್ಮ ಅದನ್ನು ಒಂದು ದಿನವೂ ತಪ್ಪದೆ ಪಾಲಿಸಿದರು. ಪಾಲಿಸುತ್ತಿದ್ದೇನೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಇಲ್ಲಿರುವುದು ಮುಖ್ಯವಾಗಿ ಆಸ್ಯಮ್ಮನವರೇ ಹೇಳಿದ್ದು. ಅತ್ತೆ ಸಾರಮ್ಮನವರ ನೆನಪು ಒಂದೆರಡು ಕಡೆ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಎರಡನ್ನೂ ಹಾಗೆಯೇ ಇಡಲಾಗಿದೆ. ತಾರೀಕುಗಳು ಆಸ್ಪತ್ರೆಯಿಂದ ಕೊಟ್ಟು ಕಳುಹಿಸಿದ ಕಾಗದದಲ್ಲಿರುವಂಥವು. ಮನೆಯೊಳಗಿನ ಮಾತು ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆಯದು. ಅದನ್ನು ಆ ಊರಿನ ಕನ್ನಡದಲ್ಲಿ ಕೊಡಲಾಗಿದೆ.

ಆಸ್ಯಮ್ಮನ ತವರು ಕಾಸರಗೋಡಿನ ತಳಂಗರೆ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಕಸೂತಿ ಹಾಕಿ ಗುಂಡು ತೊಪ್ಪಿ ಹೊಲಿಯುವುದು ಅಲ್ಲಿನ ಹೆಂಗಸರ ಕೆಲಸ. 1957ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸೂಜಿ ದಾರದ ತಗಡಿನ ಡಬ್ಬಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಅವರು ಜಾಲ್ಸೂರಿಗೆ ಸೊಸೆಯಾಗಿ ಬಂದರು. ಹಿಂದಿನ ವರ್ಷವಷ್ಟೇ ತಳಂಗರೆ ಕೇರಳಕ್ಕೆ, ಜಾಲ್ಸೂರು ಮೈಸೂರು ರಾಜ್ಯಕ್ಕೆ ಸೇರಿದ್ದವು. ಉಸ್ಮಾನ್ ಬ್ಯಾರಿ ಒಣಮೀನಿನ ವ್ಯಾಪಾರಿ. ಕಾಸರಗೋಡಿನಿಂದ ಬುಟ್ಟಿಗಳನ್ನು ಬಸ್ಸಿನ ತಲೆಯ ಮೇಲೆ ಹಾಕಿ ತಂದು ಸುಳ್ಯದ ಸಂತೆಯಲ್ಲಿ, ಕಡಬದಲ್ಲಿ ಮಾರುತ್ತಿದ್ದರು. ಬಸ್ಸು ಹೋಗದ ಕಡೆಗೆ ತಲೆಹೊರೆ.

ಗಂಡನ ಎದೆಯ ಬಡಿತ ಆಸ್ಯಮ್ಮನ ಕಿವಿಗೆ ಬಿದ್ದದ್ದು ಮದುವೆಯಾದ ಮೊದಲ ವಾರದಲ್ಲಿ. ಎರಡು ಸಲ ಸರಿಯಾಗಿ ಬಡಿದು, ಒಂದು ಕಡೆ ಮುಗ್ಗರಿಸಿ, ಆಮೇಲೆ ಮೂರು ನಾಲ್ಕು ಒಟ್ಟೊಟ್ಟಿಗೆ ಓಡಿ, ಮತ್ತೆ ತಡೆದು ನಿಲ್ಲುವ ಬಡಿತ. ತಲೆಯ ಮೇಲೆ ಬುಟ್ಟಿ ಹೊತ್ತವನು ಕಲ್ಲಿನ ಇಳಿಜಾರು ಇಳಿಯುವಾಗಿನ ಹೆಜ್ಜೆಯ ಹಾಗೆ ಎಂದು ಅವರು ಹೇಳುತ್ತಾರೆ.

"ನಾನು ಬೇರೆ ಗಂಡಸಿನ ಎದೆಗೆ ಕಿವಿ ಕೊಟ್ಟವಳಾ? ಎಲ್ಲರದ್ದೂ ಹೀಗೇ ಅಂತ ಗ್ರಹಿಸಿದ್ದೆ."

ಸಂತೆಯಿಲ್ಲದ ದಿನ ಮಧ್ಯಾಹ್ನ ಊಟವಾದ ಮೇಲೆ ಉಸ್ಮಾನ್ ಚಾಪೆಯಲ್ಲಿ ಮಲಗುತ್ತಿದ್ದರು. ಆಸ್ಯಮ್ಮ ಅವರ ಎದೆಗೆ ಕಿವಿಯಿಟ್ಟು ಒರಗುತ್ತಿದ್ದರು. ಆ ಮುಗ್ಗರಿಸುವ ಸದ್ದು ಕೇಳದೆ ಅವರಿಗೆ ಜೊಂಪು ಹತ್ತುತ್ತಿರಲಿಲ್ಲ. ಅದು ಕಾಯಿಲೆ ಎಂದು ತಿಳಿದದ್ದು ಮದುವೆಯಾಗಿ ಆರು ವರ್ಷಗಳ ಮೇಲೆ. ಕಡಬದಲ್ಲಿ ಬುಟ್ಟಿ ಇಳಿಸುವಾಗ ಉಸ್ಮಾನ್ ಕಣ್ಣು ಕತ್ತಲಿಟ್ಟು ಬಿದ್ದರು. ಸುಳ್ಯದ ಡಾಕ್ಟರ್ ಕೃಷ್ಣಮೋಹನ ಪರೀಕ್ಷಿಸಿ, ಸಣ್ಣಂದಿನಲ್ಲಿ ಗಂಟು ಗಂಟು ನೋವಿನ ಜ್ವರ ಬಂದಿತ್ತೇ ಎಂದು ಕೇಳಿದರು. ಬಂದಿತ್ತು ಎಂದರು ಸಾರಮ್ಮ. ಆ ಜ್ವರ ಎದೆಯನ್ನು ಕೆಡಿಸಿ ಹೋಗಿದೆ, ಬಡಿತ ತಪ್ಪಿದೆ ಎಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಅದಕ್ಕೆ ಎರಡು ವರ್ಷ ಮೊದಲು, 1961ರಲ್ಲಿ, ಅವರ ಮಗು ತೀರಿಕೊಂಡಿತ್ತು. ಹೆಸರು ಹಕೀಮ್, ಏಳು ತಿಂಗಳು. ಮೂರು ದಿನದ ಜ್ವರ. ಸುಳ್ಯದ ಬಸ್ಸಿಗೆ ಕಾಯುತ್ತಿರುವಾಗ ಅಂಗಡಿಯ ಬೆಂಚಿನ ಮೇಲೆ ಆಸ್ಯಮ್ಮ ಮಗುವಿನ ಎದೆಗೆ ಕಿವಿ ಇಟ್ಟೇ ಕೂತಿದ್ದರು. ಬಡಿತ ಸಣ್ಣಗಾಗುತ್ತ ಬಂತು. ಸೊಸೆಯನ್ನು ಮೋಳೇ, ಮಗಳೇ, ಎಂದೇ ಕರೆಯುತ್ತಿದ್ದ ಸಾರಮ್ಮ ಬಾಗಿ ಕೇಳಿದರು.

"ಉಂಟಾ ಮೋಳೇ?"

"ಇಲ್ಲ."

ಆ ಒಂದು ಮಾತಿನ ಮೇಲೆ ಮಗುವನ್ನು ಮನೆಗೆ ಕೊಂಡುಹೋಗಿ ಕೊನೆಯ ಸಲ ಮೀಯಿಸಿದರು. ಬಸ್ಸು ಆಮೇಲೆ ಬಂತು, ನಿಂತು, ಹೋಯಿತು. ಗಂಡನ ಹೊರತು ಬೇರೆ ಯಾರಿಗಾಗಿಯೂ ಹೆಂಗಸು ಮೂರು ದಿನಕ್ಕಿಂತ ಹೆಚ್ಚು ಶೋಕ ಕೂರುವಂತಿಲ್ಲ. ನಾಲ್ಕನೆಯ ದಿನ ಸಾರಮ್ಮ ಸೊಸೆಯ ತಲೆಗೆ ಎಣ್ಣೆಯಿಟ್ಟು, ತೊಪ್ಪಿಯ ಬಟ್ಟೆ ಕೈಗೆ ಕೊಟ್ಟರು. ಆಸ್ಯಮ್ಮ ಹೊಲಿದರು. ಇದರ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ, ಸಾರಮ್ಮನೂ ಇಲ್ಲ. ಆ ಮನೆಯಲ್ಲಿ ಮತ್ತೆ ಮಗು ಹುಟ್ಟಲಿಲ್ಲ.

1967ರ ಮಳೆಗಾಲ ಮುಗಿಯುವಾಗ ಉಸ್ಮಾನ್‌ಗೆ ನಾಲ್ಕು ಹೆಜ್ಜೆ ಏರಿದರೆ ಉಸಿರು ಸಿಗದಂತಾಯಿತು. ಕಾಲು ಊದಿತು. ಮದರಾಸಿನ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸ ಯಂತ್ರ ಬಂದಿದೆ, ನಿದ್ದೆ ಬರಿಸಿ ಎದೆಗೆ ಒಂದೇ ಒಂದು ಸಲ ಕರೆಂಟು ಕೊಟ್ಟು ಬಡಿತವನ್ನು ದಾರಿಗೆ ತರುತ್ತಾರೆ ಎಂದು ಡಾಕ್ಟರ್ ಕೃಷ್ಣಮೋಹನ ಹೇಳಿದರು. ಕಾಗದವನ್ನೂ ಅವರೇ ಬರೆದುಕೊಟ್ಟರು. ಉಸ್ಮಾನ್ ರಂಜಾನಿನ ಪೆರ್ನಾಳ್ ಹಬ್ಬ ಮುಗಿಸಿ, ಆಸ್ಯಮ್ಮನ ಅಣ್ಣ ರವೂಫ್‌ನ ಜೊತೆ ಕಾಸರಗೋಡಿನಲ್ಲಿ ರೈಲು ಹತ್ತಿದರು. ಜನವರಿ ಹದಿನೆಂಟು, ಗುರುವಾರ, ಕರೆಂಟು ಕೊಟ್ಟ ದಿನ. ತಿಂಗಳ ಕೊನೆಯಲ್ಲಿ ಮನೆಗೆ ಮರಳಿದರು.

ಕಾಗದದಲ್ಲಿ ಬರೆದದ್ದು ಇಷ್ಟು: ನಾಲ್ಕು ತಿಂಗಳು ಭಾರ ಎತ್ತಬಾರದು, ಏರು ಹತ್ತಬಾರದು, ಮಾತ್ರೆ ತಪ್ಪಬಾರದು. ಉಸ್ಮಾನ್ ಜಗಲಿಯ ಬೆಂಚು ಹಿಡಿದರು. ನೋಡಲಿಕ್ಕೆ ಬಂದವರಿಗೆಲ್ಲ ಅಂಗಿಯ ಗುಂಡಿ ಬಿಚ್ಚಿ ಎದೆ ತೋರಿಸುತ್ತಿದ್ದರು. ಯಂತ್ರದ ಬಿಲ್ಲೆಗಳನ್ನು ಒತ್ತಿದ ಕಡೆ ಚರ್ಮ ಸುಟ್ಟು ಎರಡು ಕೆಂಪು ಚಕ್ರಗಳಾಗಿದ್ದವು. ಒಂದು ಎದೆಯ ನಡುವಿನಲ್ಲಿ, ಇನ್ನೊಂದು ಎಡಪಕ್ಕೆಯಲ್ಲಿ.

"ನಿಲ್ಲಿಸಿದ್ರು ಮಾರಾಯ್ರೆ," ಎನ್ನುತ್ತಿದ್ದರು. "ಎದೆಯನ್ನೇ ನಿಲ್ಲಿಸಿದ್ರು. ಸತ್ತವರ ಹಾಗೆ. ಮತ್ತೆ ಶುರು ಮಾಡಿದ್ರು, ಹ್ಯಾಂಡ್ಲು ತಿರುಗಿಸಿ ಬಸ್ಸು ಶುರು ಮಾಡ್ತಾರಲ್ಲ, ಹಾಗೆ."

"ಎಷ್ಟು ಹೊತ್ತು ನಿಂತಿತ್ತು ಬ್ಯಾರಿಗಳೇ?"

ಮೊದಲ ದಿನ ಅವರು ಹೇಳಿದ್ದು ಒಂದು ರೆಪ್ಪೆ ಮುಚ್ಚಿ ತೆರೆಯುವಷ್ಟು. ವಾರ ಕಳೆಯುವಾಗ ಅದು ಹತ್ತು ಎಣಿಸುವಷ್ಟಾಗಿತ್ತು.

"ನಿದ್ದೆಯಲ್ಲಿದ್ದವನಿಗೆ ಎಣಿಸಿದ್ದು ಯಾರು?" ಎಂದು ಎದುರಿನ ಚಾದಂಗಡಿಯ ತೀರ್ಥರಾಮ ಚುಚ್ಚಿದರು. "ನೀವು ಎಣಿಸಿದ್ದಾ, ರವೂಫ್ ಎಣಿಸಿದ್ದಾ?"

"ರವೂಫ್ ಬಾಗಿಲ ಹೊರಗೆ ಕೂತು ಅಳ್ತಿದ್ದ, ಅವ ಎಂತ ಎಣಿಸುದು!"

ಎಲ್ಲರೂ ನಕ್ಕರು. ಒಳಗೆ ಬಾಗಿಲ ಸಂದಿನಲ್ಲಿ ಚಹಾದ ಲೋಟಗಳನ್ನು ಹಿಡಿದು ನಿಂತಿದ್ದ ಆಸ್ಯಮ್ಮನಿಗೆ ಕೇಳಿಸಿದ್ದು ಮೊದಲಿನ ಎರಡು ಮಾತು ಮಾತ್ರ: ನಿಲ್ಲಿಸಿದರು, ಸತ್ತವರ ಹಾಗೆ.

ಸುಟ್ಟ ಗಾಯ ಆರಲೆಂದು ಅಷ್ಟು ದಿನ ದೂರವಿದ್ದ ಆಸ್ಯಮ್ಮ ಅದೇ ಮಧ್ಯಾಹ್ನ ಉಸ್ಮಾನ್ ಮಲಗಿದ ಮೇಲೆ ಮತ್ತೆ ಕಿವಿಯಿಟ್ಟರು. ಒಂದು, ಎರಡು, ಒಂದು, ಎರಡು. ಎಲ್ಲಿಯೂ ಮುಗ್ಗರಿಸಲಿಲ್ಲ. ಮುಂದಿನ ಬಡಿತ ಯಾವಾಗ ಎಂದು ಮೊದಲೇ ಗೊತ್ತಾಗುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಗೊತ್ತಾದದ್ದಿಲ್ಲ. ಕಣ್ಣು ಮುಚ್ಚಿದ್ದ ಅವರಿಗೆ ಪರಗಂಡಸಿನ ಎದೆಯ ಮೇಲೆ ತಲೆಯಿಟ್ಟಿದ್ದೇನೆ ಎನ್ನಿಸಿತು. ಎದ್ದು ಅಡಿಗೆಮನೆಗೆ ಹೋಗಿ ಕದ ಹಾಕಿಕೊಂಡರು.

"ನಿಂತದ್ದು ಮತ್ತೆ ನಡಿಯುದಿಲ್ಲ. ನನಗೆ ಅದು ಗೊತ್ತುಂಟು." ಎನ್ನುತ್ತಾರೆ ಆಸ್ಯಮ್ಮ. "ನಡಿಯುದಾದ್ರೆ ಆವತ್ತು ಬೆಂಚಿನ ಮೇಲೆ ನಾನು ಯಾಕೆ 'ಇಲ್ಲ' ಅಂತ ಹೇಳಿದ್ದು?"

ಆ ನಾಲ್ಕು ತಿಂಗಳು ಅವರನ್ನು ಹಿಡಿದಿಟ್ಟ ಪ್ರಶ್ನೆ ಇದು. ಗಂಡನ ಎದೆ ನಿಂತು ಮರಳಿ ನಡೆದದ್ದು ನಿಜವಾದರೆ ಮಗುವಿನದೂ ನಡೆಯಬಹುದಿತ್ತು. ಹಾಗಿದ್ದರೆ ಮಗುವನ್ನು ಮಣ್ಣಿಗೆ ಕೊಟ್ಟದ್ದು ತನ್ನ ಬಾಯಿಯ ಮಾತು. ಸತ್ತವರು ಬರುವುದಿಲ್ಲ ಎನ್ನುವುದೇ ನಿಜವಾದರೆ ಜಗಲಿಯಲ್ಲಿ ಕೂತವರು ಉಸ್ಮಾನ್ ಅಲ್ಲ. ಎರಡರಲ್ಲಿ ಒಂದನ್ನು ಅವರು ನಂಬಲೇಬೇಕಿತ್ತು. ಎರಡನೆಯದನ್ನು ನಂಬಿದರು.

ನಿಯಮ ಕೇಳಲು ಅವರು ಹೋದದ್ದು ಜೈನಬಮ್ಮನ ಹತ್ತಿರ. ಜೈನಬಮ್ಮ ನೆರೆಮನೆಯ ವಿಧವೆ; ಓಣಿಯ ಹುಡುಗಿಯರಿಗೆ ಕುರ್‌ಆನ್ ಓದಿಸುತ್ತಿದ್ದವರು. ಮಸೀದಿಯ ಉಸ್ತಾದರಲ್ಲಿ ಕೇಳಲು ನಾಚುವ ವಿಷಯಗಳನ್ನು ಹೆಂಗಸರು ಕೇಳುತ್ತಿದ್ದದ್ದು ಅವರಲ್ಲಿ. ಹಾಗೆ ಕೇಳುವುದಕ್ಕೂ ಅಲ್ಲೊಂದು ರೀತಿಯಿತ್ತು: ಯಾರೂ ತನ್ನ ವಿಷಯ ಎಂದು ಹೇಳುವುದಿಲ್ಲ, ಊರಿನ ಯಾರದ್ದೋ ಎಂಬಂತೆ ಕೇಳುತ್ತಾರೆ. ಯಾರದ್ದು ಎಂದು ಜೈನಬಮ್ಮನೂ ಕೆದಕುವುದಿಲ್ಲ. ಎಷ್ಟೋ ಮನೆಗಳ ಮಾನವನ್ನು ಕಾಪಾಡಿದ ಆ ರೀತಿಯೇ ಈ ಸಲ ತಪ್ಪಿಗೆ ದಾರಿಯಾಯಿತು.

"ಗಂಡನ ಎದೆ ನಿಂತ್ರೆ ಹೆಂಡತಿ ಎಂತ ಮಾಡ್ಬೇಕು?"

"ಎಂತ ಮಾಡುದು? ಇದ್ದತ್ ಕೂರ್ಬೇಕು."

"ಸುದ್ದಿ ಅವಳಿಗೆ ತಡವಾಗಿ ಗೊತ್ತಾದ್ರೆ?"

"ತಡ ಆದ್ರೂ ಲೆಕ್ಕ ಹಿಡಿಯುದು ಗಂಡ ತೀರಿಹೋದ ದಿನದಿಂದಲೇ. ಪಾಪ, ಯಾರು, ಗಂಡ ಪರವೂರಲ್ಲಿದ್ದವರಾ?"

"ಹೌದು. ಪರವೂರಲ್ಲಿ."

ಮನೆಗೆ ಬಂದು ಆಸ್ಯಮ್ಮ ಬಿಳಿ ದಾರವೊಂದನ್ನು ತೆಗೆದು, ಕರೆಂಟು ಕೊಟ್ಟ ಆ ಗುರುವಾರದಿಂದ ಕಳೆದ ದಿನಗಳಷ್ಟು ಗಂಟು ಹಾಕಿದರು. ಮುಂದೆ ದಿನಕ್ಕೊಂದು. ದಾರ ತೊಪ್ಪಿಯ ಡಬ್ಬಿಯಲ್ಲಿರುತ್ತಿತ್ತು.

ಮರುದಿನ ತಮ್ಮ ಚಾಪೆಯನ್ನು ಸಾರಮ್ಮನ ಕೋಣೆಗೆ ಸಾಗಿಸಿದರು. ಡಾಕ್ಟ್ರು ಇವರು ಒಬ್ಬರೇ ಮಲಗಬೇಕು ಅಂದಿದ್ದಾರಂತೆ ಎಂದಾಗ ಅತ್ತೆ ನಂಬಿದರು. ಬಳೆ ಕಳಚಿದ್ದಕ್ಕೆ ಹೊಲಿಯುವಾಗ ದಾರ ಸಿಕ್ಕುತ್ತದೆ ಎಂದರು. ಬಣ್ಣ ಹೋದ ಬಟ್ಟೆಗಳನ್ನೇ ಉಟ್ಟರು. ಗಂಡನಿಗೆ ಗಂಜಿ ಬೇಯಿಸುತ್ತಿದ್ದರು, ಒಯ್ದು ಕೊಡುತ್ತಿದ್ದದ್ದು ಸಾರಮ್ಮ. ಮಾತ್ರೆಯ ಹೊತ್ತನ್ನು ಒಳಗಿನಿಂದ ಕೂಗಿ ನೆನಪಿಸುತ್ತಿದ್ದರು. ಎದುರಿಗೆ ಬಿದ್ದರೆ ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದು ಗೋಡೆಯ ಕಡೆ ತಿರುಗುತ್ತಿದ್ದರು.

"ನಾನೆಂತ ಹೆಣ್ಣು ನೋಡ್ಲಿಕ್ಕೆ ಬಂದವನಾ? ಮುಖ ಮುಚ್ಚುದು ಯಾಕೆ?" ಎಂದು ಉಸ್ಮಾನ್ ಒಮ್ಮೆ ಕೇಳಿದರು. ಆಸ್ಯಮ್ಮ ಒಳಗೆ ಹೋದರು. ಕರೆಂಟು ತಾಗಿದ ಮೈ ಎಂದು ಅವಳಿಗೆ ಹೆದರಿಕೆ ಇರಬೇಕು ಎಂದು ಅವರು ಸುಮ್ಮನಾದರು.

ಬಿಸಿಲು ಏರುತ್ತ ಹೋದಂತೆ ಉಸ್ಮಾನ್ ಚೇತರಿಸಿಕೊಂಡರು. ಕಾಲಿನ ಊತ ಇಳಿಯಿತು. ಕೆನ್ನೆ ತುಂಬಿತು. ರಸ್ತೆಯವರೆಗೆ, ಆಮೇಲೆ ಮಸೀದಿಯವರೆಗೆ ನಡೆಯತೊಡಗಿದರು. ಎದೆಯ ಎರಡು ಚಕ್ರಗಳೂ ಕೆಂಪು ಕಳೆದು ಕಂದಾದವು. ಅವರ ನಡಿಗೆಯೂ ಬೇರೆಯಾಗಿತ್ತು. ಮೊದಲು ಅಂಗಳ ದಾಟುವಾಗ ಎರಡು ಕಡೆ ನಿಲ್ಲುತ್ತಿದ್ದವರು ಈಗ ಒಂದೇ ಸಮನೆ ಬರುತ್ತಿದ್ದರು. ಗೋಡೆಯ ಈಚೆ ಕೂತ ಆಸ್ಯಮ್ಮ ಆ ಸಮನಾದ ಹೆಜ್ಜೆ ಕೇಳಿ ಸೂಜಿ ಹಿಡಿದ ಕೈಯನ್ನು ಬಿಗಿ ಮಾಡುತ್ತಿದ್ದರು.

ಅದೇ ದಿನಗಳಲ್ಲಿ ಇನ್ನೊಂದು ಹೆಜ್ಜೆ ಕೇಳತೊಡಗಿತು. ಸುಳ್ಯದ ಸಂತೆಯ ದಿನ, ಮಧ್ಯಾಹ್ನದ ಬಸ್ಸು ಬಂದು ನಿಂತ ಸ್ವಲ್ಪ ಹೊತ್ತಿಗೆ, ಅಂಗಳದಲ್ಲಿ ಯಾರೋ ಬರುತ್ತಾರೆ. ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾರೆ. ಮತ್ತೆ ಬೇಗಬೇಗ ಮೂರು. ಬುಟ್ಟಿ ಇಳಿಸುವ ಜಾಗದ ಹತ್ತಿರ ಸದ್ದು ನಿಲ್ಲುತ್ತದೆ. ಒಣಮೀನಿನ ವಾಸನೆಯೂ ಬರುತ್ತಿತ್ತು ಎನ್ನುತ್ತಾರೆ ಆಸ್ಯಮ್ಮ. ಅದು ಖಾಲಿ ಬುಟ್ಟಿಗಳಿಂದ ಬಂದದ್ದಿರಬಹುದು ಎನ್ನುತ್ತಾರೆ ಸಾರಮ್ಮ. ಬುಟ್ಟಿಗಳು ತಿಂಗಳುಗಟ್ಟಲೆ ಅಲ್ಲಿಯೇ ಬಿದ್ದಿದ್ದವು. ಆಸ್ಯಮ್ಮ ಹೊರಗೆ ಹೋಗಿ ನೋಡಲಿಲ್ಲ. ಇದ್ದತ್‌ನಲ್ಲಿರುವ ಹೆಂಗಸು ಅಂಗಳಕ್ಕೆ ಇಳಿಯುವುದಿಲ್ಲ. ಒಂದು ಮಧ್ಯಾಹ್ನ ಕದದ ಹಿಂದೆ ನಿಂತು, "ಊಟ ಇಟ್ಟಿದ್ದೇನೆ," ಎಂದು ಮೆಲ್ಲನೆ ಹೇಳಿದರು. ಅದು ಕೇಳಿದ್ದು ಜಗಲಿಯಲ್ಲಿದ್ದ ಉಸ್ಮಾನ್‌ಗೆ.

"ಈಗಷ್ಟೇ ಉಂಡೆನಲ್ಲ ಮಾರಾಯ್ತಿ," ಎಂದರು ಅವರು.

ಮಾರ್ಚಿನಲ್ಲಿ ಬಕ್ರೀದ್ ಬಂತು. ಮನೆಯ ಯಜಮಾನ ಸಾವಿನ ಬಾಯಿಂದ ಬಂದ ವರ್ಷ ಎಂದು ರವೂಫ್ ತಳಂಗರೆಯಿಂದ ತಂಗಿಗೆ ಹಸಿರು ರೇಷ್ಮೆ ತಂದುಕೊಟ್ಟಿದ್ದ. ಆಸ್ಯಮ್ಮ ಅದನ್ನು ಮುಟ್ಟಲಿಲ್ಲ. ಮದರಂಗಿ ಅರೆದು ತಂದ ಹುಡುಗಿಯರನ್ನು ಕಳುಹಿಸಿಬಿಟ್ಟರು. ಸಾರಮ್ಮನ ತಾಳ್ಮೆ ತಪ್ಪಿತು.

"ಹಬ್ಬದ ದಿನ ಬೋಳು ಕೈ! ನನ್ನ ಮಗ ಬದುಕಿ ಬಂದದ್ದು ನಿನಗೆ ಸಂಕಟವಾ?"

"ಸಂಕಟ ಅಲ್ಲ ಉಮ್ಮಾ."

"ಮತ್ತೆಂತ? ವಿಧವೆಯ ಹಾಗೆ ಕೂತಿದ್ದೀಯಲ್ಲ!"

ಆಸ್ಯಮ್ಮ ತಲೆಯೆತ್ತಿ ನೋಡಿದರು. ಆ ನೋಟ ಕಂಡು ಜಗಳ ಅಲ್ಲಿಗೇ ಬಿಟ್ಟು ಅಡಿಗೆಮನೆಗೆ ಹೋದೆ ಎನ್ನುತ್ತಾರೆ ಸಾರಮ್ಮ. ಕಾರಣ ಮಾತ್ರ ಹೊಳೆಯಲಿಲ್ಲ. ಆಸ್ಯಮ್ಮನ ಪ್ರಕಾರ ಅತ್ತೆಗೆ ಆವತ್ತೇ ತಿಳಿದಿತ್ತು, ಕೇಳುವ ಧೈರ್ಯವಿರಲಿಲ್ಲ. ಎರಡರಲ್ಲಿ ಯಾವುದು ಸರಿ ಎಂದು ಈಗ ನಿರ್ಧರಿಸಲಾಗದು.

ದಾರದಲ್ಲಿ ನೂರಿಪ್ಪತ್ತು ಗಂಟುಗಳಾದ ದಿನ ಜೈನಬಮ್ಮ ತಾವಾಗಿ ಬಂದರು. ಮೂರು ತಿಂಗಳಿಂದ ಆಸ್ಯಮ್ಮ ಓಣಿಯಲ್ಲಿ ಕಾಣಿಸದ್ದು, ಬಳೆ ಬಿಟ್ಟದ್ದು, ಹಬ್ಬಕ್ಕೆ ಬಣ್ಣ ಉಡದ್ದು ಎಲ್ಲವನ್ನೂ ಅವರು ಒಟ್ಟಿಗೆ ಇಟ್ಟು ನೋಡಿದ್ದರು. ಕದ ಎಳೆದು ಎದುರಿಗೆ ಕೂತು, ಯಾವತ್ತೂ ಕೇಳದ ಮಾತನ್ನು ಕೇಳಿದರು.

"ಯಾರಿಗೆ ಕೂತಿದ್ದೀ ನೀನು?"

ಆಸ್ಯಮ್ಮ ಜಗಲಿಯ ಕಡೆ ಕಣ್ಣಿನಿಂದ ತೋರಿಸಿದರು. ಹೊರಗೆ ಉಸ್ಮಾನ್ ತೀರ್ಥರಾಮರ ಜೊತೆ ಏನನ್ನೋ ಹೇಳಿ ನಗುತ್ತಿದ್ದರು.

"ಯಾ ಅಲ್ಲಾ! ಉಸಿರಾಡುವವನಿಗಾ?"

"ನೀವೇ ಹೇಳಿದ್ದಲ್ಲವಾ, ಎದೆ ನಿಂತ್ರೆ ಇದ್ದತ್ ಅಂತ."

"ನೀನು ಸತ್ತವರ ಸುದ್ದಿ ಕೇಳ್ತಿದ್ದೀ ಅಂತ ಗ್ರಹಿಸಿದೆ ನಾನು. ಯಾರದ್ದು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನನ್ನದು." ಜೈನಬಮ್ಮ ಅವರ ಕೈ ಹಿಡಿದರು. "ಎದೆ ಒಂದು ಕ್ಷಣ ತಡೆದದ್ದು ಮೌತಲ್ಲ, ಸಾವಲ್ಲ ಆಸ್ಯ. ಮೈಯಿಂದ ರೂಹು ಹೋಗ್ಬೇಕು. ನಿನ್ನ ಗಂಡ ಬದುಕಿದ್ದಾರೆ. ಏಳು, ಬಳೆ ಹಾಕು."

"ಹಾಗಾದ್ರೆ ಹಕೀಮನದ್ದು?"

"ಎಂತ?"

"ಅವನದ್ದು ಕೂಡ ತಡೆದದ್ದು ಮಾತ್ರ ಆದ್ರೆ? ರೂಹು ಹೋಗಿದೆ ಅಂತ ನಾನು ಹೇಗೆ ಹೇಳಿದ್ದು? ಕಿವಿಗೆ ಕೇಳ್ಲಿಲ್ಲ ಅಂತ ಹೇಳಿದೆ, ಅಷ್ಟೇ."

ಜೈನಬಮ್ಮ ಪ್ರಾರ್ಥನೆಯೊಂದನ್ನು ಪಿಸುಗುಟ್ಟಿ ಎದ್ದರು. ಬಾಗಿಲಲ್ಲಿ ಆಸ್ಯಮ್ಮ ಹೇಳಿದ್ದು ಒಂದೇ ಮಾತು: "ಎಂಟು ದಿನ ಉಂಟು. ಮುಗಿಸ್ತೇನೆ."

ಜೈನಬಮ್ಮ ಯಾರಿಗೂ ಹೇಳಲಿಲ್ಲ.

ಮೇ ಇಪ್ಪತ್ತೈದು, ಶನಿವಾರ. ಚಂದ್ರಮಾನದ ಲೆಕ್ಕಕ್ಕೆ ನಾಲ್ಕು ತಿಂಗಳು ಹತ್ತು ದಿನ ತುಂಬಿತು. ಆಸ್ಯಮ್ಮ ಬೆಳಿಗ್ಗೆ ತಲೆಗೆ ಮಿಂದರು. ಡಬ್ಬಿಯಿಂದ ದಾರ ತೆಗೆದು ಒಲೆಗೆ ಹಾಕಿದರು. ಇದ್ದತ್ ಮುಗಿದ ವಿಧವೆ ಮತ್ತೆ ಮದುವೆಗೆ ಒಬ್ಬರನ್ನು ನೋಡಬಹುದು. ಹೊಸಬರೊಬ್ಬರನ್ನು ನೋಡುವವರ ಹಾಗೆ ಅವರು ಗಂಡ ಮಲಗಿದ್ದ ಕೋಣೆಗೆ ಹೋದರು. ನಡು ಮಧ್ಯಾಹ್ನ. ಸೆಕೆಗೆ ಉಸ್ಮಾನ್ ಅಂಗಿ ಬಿಚ್ಚಿ ನಿದ್ದೆ ಹೋಗಿದ್ದರು. ಎದೆಯ ಚಕ್ರಗಳು ಮಾಸಲು ಕಲೆಗಳಾಗಿದ್ದವು. ಆಸ್ಯಮ್ಮ ಮೊಣಕಾಲೂರಿ, ಎರಡು ಕಲೆಗಳ ನಡುವೆ ಕಿವಿಯಿಟ್ಟರು.

ಎರಡು ಬಡಿತ. ಮುಗ್ಗರಿಸಿತು. ಮೂರು ಒಟ್ಟಿಗೆ ಓಡಿದವು. ತಡೆದು ನಿಂತಿತು.

ಆಸ್ಯಮ್ಮ ಉಸಿರು ಹಿಡಿದರು. ಮತ್ತೆ ಒಂದು. ಮತ್ತೆ ನಾಲ್ಕು. ಅದೇ ಇಳಿಜಾರು, ಅದೇ ಬುಟ್ಟಿ.

ಎದೆಯ ಮೇಲೆ ಬಿಸಿನೀರು ಬಿದ್ದಂತಾಗಿ ಉಸ್ಮಾನ್ ಕಣ್ಣು ಬಿಟ್ಟರು. ಹೆಂಡತಿ ಅಳುತ್ತಿದ್ದರು, ನಗುತ್ತಲೂ ಇದ್ದರು. ತಲೆಯ ಬಟ್ಟೆ ಜಾರಿ ನೆಲದ ಮೇಲಿತ್ತು.

"ಎಂತಾಯ್ತು?"

"ನೀವು ಬಂದ್ರಿ."

"ನಾನು ಎಲ್ಲಿಗೆ ಹೋದದ್ದು?"

"ತಾಳ ತಪ್ಪಿದೆ. ಮೊದಲಿನ ಹಾಗೆ ಆಗಿದೆ."

ಉಸ್ಮಾನ್ ತಮ್ಮ ಮಣಿಕಟ್ಟು ಹಿಡಿದು ನೋಡಿಕೊಂಡರು. ಆಸ್ಪತ್ರೆಯಲ್ಲಿ ನಾಡಿ ಎಣಿಸಲು ಕಲಿಸಿದ್ದರು. ಎಣಿಕೆ ಸಿಗಲಿಲ್ಲ. ಎರಡು ದಿನದಿಂದ ಎದೆ ಭಾರವಾಗಿದ್ದದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಜಗಲಿಯಲ್ಲಿ ಕೂತು ಅಷ್ಟು ಕತೆ ಹೇಳಿದ್ದಾಗಿತ್ತು, ಈಗ ಜನ ನಗುತ್ತಾರೆ ಎನ್ನುವುದು ಅವರ ಮೊದಲ ಚಿಂತೆ.

ಆಸ್ಯಮ್ಮನ ಮನಸ್ಸಿನಲ್ಲಿ ಓಡುತ್ತಿದ್ದದ್ದು ಬೇರೆ. ಅವರ ತರ್ಕ ಹೀಗಿತ್ತು: ಹಳೆಯ ಬಡಿತ ಸತ್ತಿದ್ದರೆ ಮರಳಿ ಬರುತ್ತಿರಲಿಲ್ಲ. ಅದು ಒಳಗೆಲ್ಲೋ ಅಡಗಿತ್ತು. ಆಸ್ಪತ್ರೆಯವರು ನಿಲ್ಲಿಸಿದೆವು ಎಂದುಕೊಂಡರು, ನಿಜವಾಗಿ ನಿಂತಿರಲಿಲ್ಲ. ಹಾಗಾದರೆ ನಿಜವಾಗಿ ನಿಂತದ್ದು ಎಲ್ಲಿಯೂ ಮರಳಿ ನಡೆದಿಲ್ಲ. ಬೆಂಚಿನ ಮೇಲೆ ತಾನು ಹೇಳಿದ ಮಾತು ಸುಳ್ಳಾಗಿರಲಿಲ್ಲ.

ಎರಡು ದಿನ ಬಿಟ್ಟು ಇಬ್ಬರೂ ಸುಳ್ಯಕ್ಕೆ ಹೋದರು. ಡಾಕ್ಟರ್ ಕೃಷ್ಣಮೋಹನ ಕೊಳವೆಯಿಟ್ಟು ಕೇಳಿ, ತಲೆಯಾಡಿಸಿದರು.

"ಹಳೆ ಚಾಳಿ ಉಸ್ಮಾನ್ ಬ್ಯಾರಿಗಳೇ. ಕೆಲವರಿಗೆ ಹೀಗೆ ತಿರುಗಿ ಬರ್ತದೆ. ಬೇಸರ ಬೇಡ. ಇನ್ನೊಮ್ಮೆ ಹೋದ್ರೆ ಇನ್ನೊಮ್ಮೆ ಕೊಡ್ತಾರೆ."

"ಇನ್ನೊಮ್ಮೆ ನಿಲ್ಲಿಸ್ತಾರಾ?" ಎಂದು ಆಸ್ಯಮ್ಮ ಕೇಳಿದರು.

"ನಿಲ್ಲಿಸುದು ಅಂದ್ರೆ ನೀವು ಗ್ರಹಿಸಿದ ಹಾಗಲ್ಲ. ಗಲಾಟೆ ಮಾಡುವ ಕ್ಲಾಸಿನಲ್ಲಿ ಮಾಸ್ಟ್ರು ಮೇಜಿಗೆ ಬೆತ್ತ ಬಡಿದ್ರೆ ಎಲ್ಲ ಒಮ್ಮೆ ಸುಮ್ಮನಾಗ್ತಾರಲ್ಲ? ಅಷ್ಟೇ. ಮಕ್ಕಳು ಅಲ್ಲಿಯೇ ಇರ್ತಾರೆ."

ಆಗ ಆಸ್ಯಮ್ಮ, ಏಳು ವರ್ಷಗಳಲ್ಲಿ ಮೊದಲ ಸಲ, ಯಾರದ್ದೋ ಎಂಬಂತೆ ಅಲ್ಲದೆ ತಮ್ಮದೇ ವಿಷಯವೆಂದು ಕೇಳಿದರು. ನನ್ನ ಮಗು, ಏಳು ತಿಂಗಳು, ಮೂರು ದಿನ ಜ್ವರ, ಇಂಥ ಬೆಂಚಿನ ಮೇಲೆ. ಡಾಕ್ಟರು ಕೊಳವೆಯನ್ನು ಕಿವಿಯಿಂದ ತೆಗೆದರು.

"ಅದು ಬೇರೆ ಅಮ್ಮ. ಅದು ನಿಂತದ್ದು. ಬಸ್ಸು ಸಿಕ್ಕಿ ನೀವು ನನ್ನಲ್ಲಿಗೆ ತಂದಿದ್ರೂ..." ಎಂದರು. ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡು ಮದರಾಸಿಗೆ ಬರೆಯಲು ಶುರು ಮಾಡಿದರು.

"ಬರೀಬೇಡಿ," ಎಂದರು ಆಸ್ಯಮ್ಮ.

ಉಸ್ಮಾನ್ ತಿರುಗಿ ನೋಡಿದರು. "ಹೋಗಿ ಬರುವ. ಕಳೆದ ಸಲ ಎಂತ ತೊಂದರೆ ಆಗಿದೆ? ನಾಲ್ಕು ತಿಂಗಳು ಸುಖವಾಗಿ ಇದ್ದೆ."

"ನೀವು ಸುಖವಾಗಿ ಇದ್ರಿ. ನಾನು ನಿಮಗೆ ಇದ್ದತ್ ಕೂತಿದ್ದೆ. ಇನ್ನೊಂದು ಸಲ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಗೋಡೆಗೆ ತಿರುಗಿದ ಮುಖ, ಬೋಳು ಕೈ, ಕದದ ಹಿಂದಿನಿಂದ ಬಂದ 'ಊಟ ಇಟ್ಟಿದ್ದೇನೆ' ಎಲ್ಲವೂ ಆ ಹೊತ್ತಿನಲ್ಲಿ ಉಸ್ಮಾನ್‌ಗೆ ಒಂದೊಂದಾಗಿ ಅರ್ಥವಾಗಿರಬೇಕು. ಅವರು ಡಾಕ್ಟರ ಕೈಯಿಂದ ಕಾಗದ ತೆಗೆದುಕೊಂಡು, ಮಡಚಿ ಕಿಸೆಗೆ ಹಾಕಿದರು. ಮಾತ್ರೆ ಮುಂದುವರಿಸಿ, ಹೊರೆ ಬೇಡ ಎಂದು ಡಾಕ್ಟರು ಹೇಳಿದರು. ಬಸ್ಸಿನಲ್ಲಿ ಉಸ್ಮಾನ್ ಕೇಳಿದ್ದು ಒಂದೇ: "ಅಷ್ಟು ದಿನವೂ ಅಳ್ತಿದ್ದೆಯಾ?"

"ಹತ್ತಿರ ಬರುವಾಗ ಇದು ನೀವಲ್ಲ ಅಂತ ಹೆದರಿಕೆ ಆಗ್ತಿತ್ತು. ಅಳು ಬಂದದ್ದು ಕಡಿಮೆ."

ಅವರು ಮತ್ತೆ ಮದರಾಸಿಗೆ ಹೋಗಲಿಲ್ಲ. ಒಂದೂವರೆ ವರ್ಷ ಬದುಕಿದರು. ಬುಟ್ಟಿ ಬಿಟ್ಟು, ಸುಳ್ಯದ ಸಂತೆಯಲ್ಲಿ ಕೂತು ಮಾರುವಷ್ಟು ಮಾತ್ರ ವ್ಯಾಪಾರ ಇಟ್ಟುಕೊಂಡರು. ಮಧ್ಯಾಹ್ನ ಚಾಪೆಯಲ್ಲಿ ಮಲಗುತ್ತಿದ್ದರು. ಆಸ್ಯಮ್ಮ ಕಿವಿಯಿಟ್ಟು ಒರಗುತ್ತಿದ್ದರು. ಹೋಗಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದರೇ ಎಂಬ ಪ್ರಶ್ನೆಯನ್ನು ಆಸ್ಯಮ್ಮ ತಾವೇ ಎತ್ತುತ್ತಾರೆ. ಆಮೇಲೊಮ್ಮೆ ಡಾಕ್ಟರು ಆ ಬಗ್ಗೆ ಏನೋ ಹೇಳಿದ್ದರು, ಹೇಳಿದ್ದೋ ಹೇಳದೆ ಸುಮ್ಮನಿದ್ದದ್ದೋ ಈಗ ನೆನಪಾಗುವುದಿಲ್ಲ ಎನ್ನುತ್ತಾರೆ. ಸಂತೆಯ ದಿನ ಬಸ್ಸಿನ ಹೊತ್ತಿಗೆ, ಆ ಹೆಜ್ಜೆ ಕೇಳಿದರೂ ನೋಡಬಾರದೆಂದು, ಅವರು ಈಗಲೂ ಅಂಗಳಕ್ಕೆ ಬೆನ್ನು ಹಾಕಿ ಕೂರುತ್ತಾರೆ.

1969ರ ಅಕ್ಟೋಬರಿನಲ್ಲಿ ಉಸ್ಮಾನ್ ಸಂತೆಯಲ್ಲಿ ಕೂತಲ್ಲಿಯೇ ಪಕ್ಕಕ್ಕೆ ವಾಲಿದರು. ಉಸಿರಿಲ್ಲ ಎಂದು ಸುತ್ತಲಿನವರು ಹೇಳಿದ ಮೇಲೆ, ಸಂತೆಗೆ ಬಂದಿದ್ದ ತೀರ್ಥರಾಮ ಜೀಪು ಮಾಡಿ ಮನೆಗೆ ತಂದರು. ಆಗ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಗಿ ಮುಗಿದಿತ್ತು. ಜಗಲಿಯಲ್ಲಿ ಜನ ಸೇರಿದರು, ಉಸ್ತಾದರಿಗೆ ಹೇಳಿ ಕಳುಹಿಸಿದರು, ಹಿತ್ತಲಲ್ಲಿ ಕೊನೆಯ ಸಲ ಮೀಯಿಸುವ ನೀರಿಗೆ ಬೆಂಕಿ ಹಾಕಲು ಯಾರೋ ಹೋದರು. ಒಳಗೆ ಆಸ್ಯಮ್ಮ ಗಂಡನ ಎದೆಗೆ ಕಿವಿಯಿಟ್ಟು ಬಾಗಿ ಕೂತವರು ಏಳಲಿಲ್ಲ. ಇಳಿಹೊತ್ತಿನ ಅಸರ್‌ನ ಬಾಂಗ್ ಕೂಡ ಆಯಿತು. ಸಾರಮ್ಮ ಹತ್ತಿರ ಬಂದು ಬಾಗಿದರು. ಎಂಟು ವರ್ಷ ಹಿಂದೆ ಕೇಳಿದ ಮಾತೇ ಅವರ ಬಾಯಿಗೆ ಬಂತು.

"ಉಂಟಾ ಮೋಳೇ?"

"ಇನ್ನು ಸ್ವಲ್ಪ ಹೊತ್ತು ನೋಡುವ ಉಮ್ಮಾ."

ಸಾರಮ್ಮ ಹಿತ್ತಲಿಗೆ ಹೋಗಿ, ಮೀಯಿಸುವ ನೀರಿನ ಹಂಡೆಯ ಕೆಳಗಿನ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆ ಎಳೆದು ಹಾಕಿದರು.